ಇಪ್ಪತ್ತಾರು ಡಾಲರಿನ ಲೆಕ್ಕ

ಲೆಕ್ಕಪತ್ರ ತಪಾಸಣೆಯಲ್ಲಿ ಮೂವತ್ತು ವರ್ಷ ಸವೆಸಿದವನಿಗೆ ಒಂದು ಚಟ ಅಂಟಿಕೊಂಡಿರುತ್ತದೆ. ಯಾವ ಕಾಗದ ಕೈಗೆ ಬಂದರೂ ಕಣ್ಣು ಮೊದಲು ಅಂಕಿಗಳ ಕಡೆಗೆ ಹೋಗುತ್ತದೆ, ಆಮೇಲೆ ಅಡಿಟಿಪ್ಪಣಿಗೆ, ಕಟ್ಟಕಡೆಗೆ ಮಾತುಗಳಿಗೆ. ನಿವೃತ್ತಿಯ ನಂತರ ಹೊತ್ತು ಹೋಗಲೆಂದು ಹಳೆಯ ಕೋರ್ಟು ತೀರ್ಪುಗಳನ್ನು ಓದಲು ಶುರು ಮಾಡಿದೆ. ಕಾನೂನು ನನಗೆ ಅಷ್ಟಕ್ಕಷ್ಟೇ. ಆದರೆ ಒಳ್ಳೆಯ ತೀರ್ಪಿನೊಳಗೆ ಒಂದು ಒಳ್ಳೆಯ ತಃಖ್ತೆ ಅಡಗಿರುತ್ತದೆ ಎಂಬುದು ಬಲು ಬೇಗ ತಿಳಿಯಿತು.

ಅಮೆರಿಕದ ಸುಪ್ರೀಂ ಕೋರ್ಟು 1973ರ ಮಾರ್ಚಿನಲ್ಲಿ ಕೊಟ್ಟ ಒಂದು ತೀರ್ಪಿನಲ್ಲಿ ಹಾಗೆ ಸಿಕ್ಕ ಅಂಕಿ ಇದು: ಇಪ್ಪತ್ತಾರು ಡಾಲರ್.

ಟೆಕ್ಸಸ್ ರಾಜ್ಯದ ಸ್ಯಾನ್ ಆಂಟೋನಿಯೊ ನಗರದಲ್ಲಿ ಹಲವು ಶಾಲಾ ಜಿಲ್ಲೆಗಳಿವೆ, ಅಂದರೆ ತಮ್ಮ ಭಾಗದ ಆಸ್ತಿ ತೆರಿಗೆ ಎತ್ತಿ ಅಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಘಟಕಗಳು. ತೀರ್ಪು ಅವುಗಳಲ್ಲಿ ಎರಡನ್ನು ಅಕ್ಕಪಕ್ಕ ಇಟ್ಟು ನೋಡುತ್ತದೆ. ಒಂದು ಎಡ್ಜ್‌ವುಡ್. ಸುಮಾರು 22,000 ಮಕ್ಕಳು, ಅವರಲ್ಲಿ ಶೇಕಡಾ 90ರಷ್ಟು ಮೆಕ್ಸಿಕನ್ ಮೂಲದವರು, ಶೇಕಡಾ ಆರಕ್ಕಿಂತ ಸ್ವಲ್ಪ ಹೆಚ್ಚು ಕಪ್ಪು ಜನಾಂಗದವರು. ಇನ್ನೊಂದು ಅಲಾಮೋ ಹೈಟ್ಸ್. ಅಲ್ಲಿ ಹೆಚ್ಚಿನವರು ಬಿಳಿಯರು, ಅನುಕೂಲಸ್ಥರು. 1967-68ರ ಸಾಲಿನಲ್ಲಿ ಒಂದು ಮಗುವಿಗೆ ಎಡ್ಜ್‌ವುಡ್ ಖರ್ಚು ಮಾಡಲು ಸಾಧ್ಯವಾದದ್ದು 356 ಡಾಲರ್, ಅಲಾಮೋ ಹೈಟ್ಸ್ ಮಾಡಿದ್ದು 594 ಡಾಲರ್.

ಇಷ್ಟು ಓದಿ ಮುಂದಕ್ಕೆ ಹೋಗುವವರೇ ಹೆಚ್ಚು. ಬಡವರ ಶಾಲೆಯಲ್ಲಿ ದುಡ್ಡು ಕಡಿಮೆ, ಇದರಲ್ಲಿ ಹೊಸದೇನು? ನಾನು ಒಟ್ಟು ಮೊತ್ತವನ್ನು ಬಿಡಿಸಿ ನೋಡಿದೆ. ಎಡ್ಜ್‌ವುಡ್‌ನ 356ರಲ್ಲಿ ರಾಜ್ಯ ಸರ್ಕಾರದ ಪಾಲು 222, ಕೇಂದ್ರದ್ದು 108, ಊರಿನ ಆಸ್ತಿ ತೆರಿಗೆಯಿಂದ ಹೆಚ್ಚುವರಿಯಾಗಿ ಹುಟ್ಟಿದ್ದು 26. ಅಲಾಮೋ ಹೈಟ್ಸ್‌ನಲ್ಲಿ ಕೇಂದ್ರದ್ದು 36, ಊರಿನ ತೆರಿಗೆಯಿಂದ 333. ರಾಜ್ಯದ್ದು 225. ಹೌದು, ರಾಜ್ಯ ಸರ್ಕಾರ ಉಳ್ಳವರ ಮಗುವಿಗೆ ಮೂರು ಡಾಲರ್ ಹೆಚ್ಚಿಗೆ ಕೊಟ್ಟಿತ್ತು. ನಾನು ಕೆಲಸದಲ್ಲಿದ್ದಿದ್ದರೆ ಈ ಮೂರು ಡಾಲರಿನ ಎದುರು ಕೆಂಪು ಶಾಯಿಯಲ್ಲಿ ಒಂದು ಷರಾ ಬರೆಯದೆ ಪುಟ ತಿರುಗಿಸುತ್ತಿರಲಿಲ್ಲ.

ಇಪ್ಪತ್ತಾರು ಡಾಲರ್ ಹುಟ್ಟಿಸಿದ ಜನ ತೆರಿಗೆ ಕಟ್ಟಲು ಹಿಂಜರಿದವರೇ? ಅದಕ್ಕೂ ತಃಖ್ತೆಯಲ್ಲಿ ಉತ್ತರವಿದೆ. ನೂರು ಡಾಲರ್ ಆಸ್ತಿ ಮೌಲ್ಯಕ್ಕೆ ಎಡ್ಜ್‌ವುಡ್‌ನವರು ಹೇರಿಕೊಂಡಿದ್ದ ತೆರಿಗೆ 1.05 ಡಾಲರ್, ಆ ಮಹಾನಗರ ಪ್ರದೇಶದಲ್ಲಿಯೇ ಎಲ್ಲಕ್ಕಿಂತ ಹೆಚ್ಚು. ಅಲಾಮೋ ಹೈಟ್ಸ್‌ನ ದರ 85 ಸೆಂಟ್. ಹೆಚ್ಚು ತೆತ್ತವರಿಗೆ 26, ಕಡಿಮೆ ತೆತ್ತವರಿಗೆ 333. ಒಂದು ಮಗುವಿನ ಪಾಲಿಗೆ ಬರುವ ತೆರಿಗೆಯ ಆಸ್ತಿ ಎಡ್ಜ್‌ವುಡ್‌ನಲ್ಲಿ 5,960 ಡಾಲರ್, ಅಲಾಮೋ ಹೈಟ್ಸ್‌ನಲ್ಲಿ 49,000ಕ್ಕೂ ಮೇಲೆ. ಒಣಗಿದ ಕೆಚ್ಚಲನ್ನು ಎಷ್ಟು ಹಿಂಡಿದರೂ ಬರುವುದು ಅಷ್ಟೇ.

ಆಸ್ತಿಯ ಬೆಲೆ ಏಕೆ ಹಾಗೆ ಎಂಬ ಪ್ರಶ್ನೆಗೆ ಇನ್ನೂ ಹಿಂದಿನ ಖಾತೆಗೆ ಹೋಗಬೇಕು. 1930ರ ದಶಕದಲ್ಲಿ ಅಮೆರಿಕದ ಸರ್ಕಾರಿ ಗೃಹಸಾಲ ಸಂಸ್ಥೆ ನಗರಗಳ ನಕ್ಷೆ ಬರೆಸಿ, ಕಪ್ಪು ಜನರು ಮತ್ತು ವಲಸಿಗರು ಇರುವ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿಸಿತು. ಕೆಂಪು ಎಂದರೆ ಸಾಲಕ್ಕೆ ಅಪಾಯ. ಬಿಳಿಯರ ಬಡಾವಣೆಗಳ ಕ್ರಯಪತ್ರಗಳಲ್ಲಿ ಇಂಥಿಂಥವರಿಗೆ ಮನೆ ಮಾರತಕ್ಕದ್ದಲ್ಲ ಎಂಬ ಕರಾರು ಇರುತ್ತಿತ್ತು. ಮನೆಯ ಬೆಲೆಯನ್ನು ಮೊದಲು ನೆಲಕ್ಕೆ ಕೆಡವಿ, ಆಮೇಲೆ ಮನೆಯ ಬೆಲೆಯ ಮೇಲೆ ಶಾಲೆ ನಡೆಸಿಕೊಳ್ಳಿ ಎಂದರೆ, ಅದನ್ನು ಯಾವ ಶೀರ್ಷಿಕೆಯಡಿ ಜಮಾ ಮಾಡಬೇಕು?

1968ರ ಮೇ 16ರಂದು ಎಡ್ಜ್‌ವುಡ್ ಹೈಸ್ಕೂಲಿನ ಸುಮಾರು 400 ವಿದ್ಯಾರ್ಥಿಗಳು ತರಗತಿಯಿಂದ ಎದ್ದು ಹೊರನಡೆದರು. ಒಡೆದ ಕಿಟಕಿ, ಹಾಳು ಬಿದ್ದ ಕಟ್ಟಡ, ಅರ್ಹತೆಯಿಲ್ಲದ ಶಿಕ್ಷಕರು, ಇವು ಅವರ ದೂರು. ಅದೇ ವರ್ಷ ಕೆಲವು ಪೋಷಕರು ಕೋರ್ಟಿಗೆ ಹೋದರು. ಮೊದಲ ಹೆಸರು ಡೆಮೆಟ್ರಿಯೊ ರಾಡ್ರಿಗಸ್ ಅವರದು. ವಾಯುಪಡೆಯ ನೆಲೆಯೊಂದರಲ್ಲಿ ತಗಡಿನ ಕೆಲಸ ಮಾಡುತ್ತಿದ್ದ ಮನುಷ್ಯ, ಮಾಜಿ ಸೈನಿಕ. ಕೆಳಗಿನ ಕೋರ್ಟಿನಲ್ಲಿ ಗೆದ್ದರು. ಸುಪ್ರೀಂ ಕೋರ್ಟಿನಲ್ಲಿ ಐದಕ್ಕೆ ನಾಲ್ಕರ ಅಂತರದಲ್ಲಿ ಸೋತರು. ಶಿಕ್ಷಣವು ಅಮೆರಿಕದ ಸಂವಿಧಾನ ಕಾಪಾಡುವ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿಲ್ಲ, ಈ ಮಕ್ಕಳಿಗೆ ಶಾಲೆಯೇ ಇಲ್ಲವೆಂದೇನೂ ಅಲ್ಲವಲ್ಲ ಎಂಬುದು ಬಹುಮತದ ವಾದ. ಅದನ್ನು ಒಪ್ಪದೆ ದೀರ್ಘವಾದ ಭಿನ್ನ ತೀರ್ಪು ಬರೆದವರಲ್ಲಿ ಥರ್ಗುಡ್ ಮಾರ್ಷಲ್ ಒಬ್ಬರು. ಕಪ್ಪು ಮಕ್ಕಳನ್ನು ಬೇರೆ ಶಾಲೆಯಲ್ಲಿ ಕೂರಿಸುವುದು ಸಂವಿಧಾನಬಾಹಿರ ಎಂದು 1954ರಲ್ಲಿ ಇದೇ ಕೋರ್ಟಿನ ಮುಂದೆ ವಕೀಲರಾಗಿ ವಾದಿಸಿ ಗೆದ್ದವರು ಅವರೇ. ಬಾಗಿಲು ತೆರೆಸಿದ ಹತ್ತೊಂಬತ್ತು ವರ್ಷಕ್ಕೆ, ಬಾಗಿಲ ಒಳಗೆ ಹಾಸಲು ಚಾಪೆ ಕೊಡುವ ಹೊಣೆ ತನ್ನದಲ್ಲ ಎಂದು ತಮ್ಮ ಪೀಠವೇ ಹೇಳುವುದನ್ನು ಅವರು ಕೂತು ಕೇಳಬೇಕಾಯಿತು.

ಶಿಕ್ಷಣದ ವರದಿಗಳಲ್ಲಿ ಒಂದು ಮಾತು ಪದೇ ಪದೇ ಬರುತ್ತದೆ: ಸಾಧನೆಯ ಅಂತರ. ಬಿಳಿಯ ಮಕ್ಕಳ ಅಂಕ ಇಷ್ಟು, ಕಪ್ಪು ಮಕ್ಕಳದು ಇಷ್ಟು, ಮೂಲನಿವಾಸಿ ಮಕ್ಕಳದು ಇನ್ನೂ ಇಷ್ಟು ಕೆಳಗೆ. ಈ ಪದ ನನಗೆ ಮೊದಲಿನಿಂದಲೂ ಸರಿಬರಲಿಲ್ಲ, ಏಕೆಂದು ಹೇಳಲು ಬರುತ್ತಿರಲಿಲ್ಲ. ಅಂತರ ಎನ್ನುವುದು ಎರಡು ಬೆಟ್ಟಗಳ ನಡುವೆ ತಾನಾಗಿ ಇರುವಂಥದ್ದು, ಯಾರೂ ಅಗೆದದ್ದಲ್ಲ ಎನ್ನುವ ಧ್ವನಿ ಅದರಲ್ಲಿದೆ. ಗ್ಲೋರಿಯಾ ಲ್ಯಾಡ್ಸನ್-ಬಿಲ್ಲಿಂಗ್ಸ್ ಎಂಬ ಶಿಕ್ಷಣ ತಜ್ಞೆ 2006ರಲ್ಲಿ ಅಮೆರಿಕದ ಶಿಕ್ಷಣ ಸಂಶೋಧಕರ ಸಂಘದ ಅಧ್ಯಕ್ಷೆಯಾಗಿ ಮಾಡಿದ ಭಾಷಣದಲ್ಲಿ ಆ ಪದವನ್ನು ಬದಿಗಿಟ್ಟು ಬೇರೊಂದನ್ನು ಎತ್ತಿಕೊಂಡರು: ಸಾಲ. ಒಂದು ವರ್ಷದ ಕೊರತೆ ಬೇರೆ, ವರ್ಷಾನುವರ್ಷದ ಕೊರತೆ ಪೇರಿಕೊಂಡು ಆಗುವ ಸಾಲ ಬೇರೆ ಎಂದರು. ಲೆಕ್ಕಿಗನ ಮನಸ್ಸಿಗೆ ಇದು ತಟ್ಟನೆ ಹಿಡಿಸಿತು. ಸಾಲ ಎಂದಾಗ ಕೊಡಬೇಕಾದವನೊಬ್ಬ ಇರುತ್ತಾನೆ. ಕಾಗದಪತ್ರ ಇರುತ್ತದೆ.

ಮೂಲನಿವಾಸಿಗಳ ವಿಷಯದಲ್ಲಂತೂ ಕಾಗದಪತ್ರ ಅಕ್ಷರಶಃ ಇದೆ. 1868ರ ಫೋರ್ಟ್ ಲಾರಮಿ ಒಪ್ಪಂದವನ್ನು ತೆಗೆದುಕೊಳ್ಳಿ. ಲಕೋಟಾ ಮತ್ತಿತರ ಬಣಗಳ ಜೊತೆ ಅಮೆರಿಕ ಸರ್ಕಾರ ಮಾಡಿಕೊಂಡದ್ದು. ಅದರ ಏಳನೆಯ ಕಲಮು ಹೇಳುವುದಿಷ್ಟು: ಆರರಿಂದ ಹದಿನಾರು ವರ್ಷದೊಳಗಿನ ಪ್ರತಿ ಮೂವತ್ತು ಮಕ್ಕಳಿಗೆ ಒಂದು ಶಾಲಾಮನೆ ಮತ್ತು ಪಾಠ ಹೇಳಬಲ್ಲ ಒಬ್ಬ ಶಿಕ್ಷಕರನ್ನು ಸರ್ಕಾರ ಒದಗಿಸಬೇಕು, ಶಿಕ್ಷಕರು ಅವರ ನಡುವೆಯೇ ವಾಸಿಸಬೇಕು, ಕನಿಷ್ಠ ಇಪ್ಪತ್ತು ವರ್ಷ ಇದು ನಡೆಯಬೇಕು. ಯಾರೂ ದಾನ ಕೇಳಿರಲಿಲ್ಲ. ಬಿಟ್ಟುಕೊಟ್ಟ ನೆಲಕ್ಕೆ ಒಪ್ಪಿಕೊಂಡ ಬೆಲೆಯ ಒಂದು ಭಾಗ ಅದು. ಮೂವತ್ತಕ್ಕೆ ಒಂದು, ಎಷ್ಟು ಅಚ್ಚುಕಟ್ಟಾದ ಅನುಪಾತ ನೋಡಿ.

ಇಪ್ಪತ್ತು ವರ್ಷ ತುಂಬಲು ಇನ್ನೂ ಒಂಬತ್ತು ವರ್ಷ ಇರುವಾಗಲೇ, 1879ರಲ್ಲಿ, ಸುಮಾರು ಎರಡು ಸಾವಿರ ಕಿಲೋಮೀಟರ್ ದೂರದ ಪೆನ್ಸಿಲ್ವೇನಿಯಾದಲ್ಲಿ ಕಾರ್ಲೈಲ್ ಎಂಬ ವಸತಿಶಾಲೆ ತೆರೆಯಿತು. ಶಿಕ್ಷಕರು ಮಕ್ಕಳ ಬಳಿಗೆ ಹೋಗಬೇಕೆಂದಿತ್ತು, ಮಕ್ಕಳನ್ನೇ ರೈಲಿಗೆ ಹತ್ತಿಸಿದರು. ಮೊದಲ ತಂಡದಲ್ಲಿ ಬಂದವರು ಅದೇ ಲಕೋಟಾ ಮಕ್ಕಳು.

ಅವರಲ್ಲಿ ಓಟಾ ಕ್ಟೆ ಎಂಬ ಹುಡುಗನಿದ್ದ. ದೊಡ್ಡವನಾದ ಮೇಲೆ ಆ ದಿನಗಳ ಬಗ್ಗೆ ಅವನೇ ಬರೆದಿದ್ದಾನೆ. ಒಂದು ಬೆಳಗ್ಗೆ ತರಗತಿಯ ಕರಿಹಲಗೆಯ ತುಂಬ ಬಿಳಿಯ ಗೆರೆಗಳಿದ್ದವು. ಅವು ಏನೆಂದು ಒಬ್ಬ ಮಗುವಿಗೂ ಗೊತ್ತಿಲ್ಲ. ಇವೆಲ್ಲ ಬಿಳಿಯರ ಹೆಸರುಗಳು, ಒಂದನ್ನು ಆರಿಸಿಕೊಳ್ಳಿ ಎಂದು ದುಭಾಷಿ ಹೇಳಿದ. ಶಿಕ್ಷಕಿ ಮೊದಲ ಹುಡುಗನ ಕೈಗೆ ಕೋಲು ಕೊಟ್ಟರು. ಅವನು ತಿರುಗಿ ಉಳಿದವರ ಮುಖ ನೋಡಿದ, ತೆಗೆದುಕೊಳ್ಳಬಹುದೇ ಎಂದು ಕೇಳುವವನಂತೆ. ಓಟಾ ಕ್ಟೆಯ ಸರದಿ ಬಂದಾಗ ಅವನು ಕೋಲು ಹಿಡಿದು, ರಣರಂಗದಲ್ಲಿ ಶತ್ರುವನ್ನು ಮುಟ್ಟಲು ಹೊರಟವನ ಹಾಗೆ ಮುಂದೆ ಹೋಗಿ ಒಂದು ಗೆರೆಯ ಗುಂಪಿಗೆ ತಾಗಿಸಿದ. ಅದು ಲೂಥರ್ ಎಂದಾಗಿತ್ತು. ಆ ಹೆಸರನ್ನು ಬಿಳಿಯ ಪಟ್ಟಿಯ ಮೇಲೆ ಬರೆದು ಅಂಗಿಯ ಬೆನ್ನಿಗೆ ಹೊಲಿದರು. ಅಂದಿನಿಂದ ಅವನು ಲೂಥರ್ ಸ್ಟ್ಯಾಂಡಿಂಗ್ ಬೇರ್.

ಓದಲು ಬಾರದ ಮಗುವಿನ ಕೈಯಲ್ಲೇ ಕೋಲು ಕೊಟ್ಟು ಅದರ ಹೆಸರನ್ನು ಅಳಿಸಿದ ಆ ಉಪಾಯದ ಬಗ್ಗೆ ನಾನು ಬಹಳ ದಿನ ಯೋಚಿಸಿದ್ದೇನೆ. ಖಾತೆಯಲ್ಲಿ ಅದು ಮಗುವಿನ ಆಯ್ಕೆ ಎಂದೇ ದಾಖಲಾಗುತ್ತದೆ.

ಆ ಶಾಲೆಯ ಸ್ಮಶಾನದಲ್ಲಿ 180ಕ್ಕೂ ಹೆಚ್ಚು ಮಕ್ಕಳನ್ನು ಹೂಳಲಾಯಿತು. ಸರ್ಕಾರಿ ಭೂಮಿ ಮತ್ತು ಮೂಲನಿವಾಸಿಗಳ ವ್ಯವಹಾರ ನೋಡಿಕೊಳ್ಳುವ ಅಮೆರಿಕದ ಇಂಟೀರಿಯರ್ ಇಲಾಖೆ ತಾನೇ ನಡೆಸಿದ ತನಿಖೆಯ ಪ್ರಕಾರ ಇಂಥ ಸರ್ಕಾರಿ ವಸತಿಶಾಲೆಗಳು 417 ಇದ್ದವು, ಅವುಗಳಲ್ಲಿ ಸತ್ತ ಮಕ್ಕಳು ಕನಿಷ್ಠ 973. ಅದೇ ತನಿಖೆಯ ವರದಿಯಲ್ಲಿ ಇನ್ನೊಂದು ಸಾಲಿದೆ, ಸುದ್ದಿಯಲ್ಲಿ ಅಷ್ಟಾಗಿ ಬರಲಿಲ್ಲ: ಈ ಶಾಲೆಗಳ ಖರ್ಚಿಗೆ ಬುಡಕಟ್ಟುಗಳ ಟ್ರಸ್ಟ್ ಖಾತೆಗಳಲ್ಲಿದ್ದ ಹಣವನ್ನು, ಅವರು ಬಿಟ್ಟುಕೊಟ್ಟ ಭೂಮಿಯಿಂದ ಬಂದ ಹಣವನ್ನೂ ಸೇರಿಸಿ, ಬಳಸಿರಬಹುದು ಎಂದು. ಅಂದರೆ ಮಗುವನ್ನು ಮನೆಯಿಂದ ಎತ್ತಿಕೊಂಡು ಹೋದ ಗಾಡಿಯ ಬಾಡಿಗೆಯೂ ಮನೆಯವರ ಲೆಕ್ಕಕ್ಕೇ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಇಷ್ಟು ನೇರವಾಗಿ ಅನ್ವಯಿಸುವ ಕಡತ ನನ್ನ ಸೇವಾವಧಿಯಲ್ಲಿ ಬಂದಿರಲಿಲ್ಲ. 2024ರ ಅಕ್ಟೋಬರ್ 25ರಂದು ಅಧ್ಯಕ್ಷ ಬೈಡನ್ ಕ್ಷಮೆ ಕೇಳಿದರು. ಕೇಳಬೇಕಾದದ್ದೇ.

ಗಡಿಯ ಆಚೆ ಕೆನಡಾದಲ್ಲಿಯೂ ಇದೇ ಕಥೆ, ಒಂದೂವರೆ ಲಕ್ಷದಷ್ಟು ಮಕ್ಕಳು ವಸತಿಶಾಲೆಗಳಿಗೆ ಹೋದರು, ಕೊನೆಯದು ಮುಚ್ಚಿದ್ದು 1990ರ ದಶಕದಲ್ಲಿ. ಅದನ್ನು ಬಹಳ ಜನ ಬರೆದಿದ್ದಾರೆ. ವಸತಿಶಾಲೆ ಮುಚ್ಚಿದ ಮೇಲೆ ಏನಾಯಿತು ಎಂಬುದರ ಬಗ್ಗೆ ಬರೆದವರು ಕಡಿಮೆ.

ಒಂಟಾರಿಯೊದ ಉತ್ತರದಲ್ಲಿ ಜೇಮ್ಸ್ ಕೊಲ್ಲಿಯ ಪಕ್ಕ ಅಟಾವಾಪಿಸ್ಕಾಟ್ ಎಂಬ ಕ್ರೀ ಜನರ ಊರಿದೆ. ಮೂಲನಿವಾಸಿಗಳ ಜೊತೆ ಕೆನಡಾ ಸರ್ಕಾರ ಮಾಡಿಕೊಂಡ ಒಂಬತ್ತನೆಯ ಒಪ್ಪಂದದ ವ್ಯಾಪ್ತಿಗೆ ಬರುವ ಊರು. ಆ ಒಪ್ಪಂದದಲ್ಲಿ ಶಿಕ್ಷಕರ ಸಂಬಳ, ಶಾಲಾ ಕಟ್ಟಡ, ಸಾಮಗ್ರಿ ಎಲ್ಲವನ್ನೂ ಸರ್ಕಾರ ಕೊಡತಕ್ಕದ್ದು ಎಂದಿದೆ, ಕೊನೆಗೆ ಒಂದು ಬಾಲಂಗೋಚಿಯೊಂದಿಗೆ: ಸರ್ಕಾರಕ್ಕೆ ಉಚಿತವೆಂದು ಕಂಡಷ್ಟು. ಕರಾರು ಓದಿ ಓದಿ ಕಣ್ಣು ಸವೆದವರಿಗೆ ಈ ಬಾಲ ಗೊತ್ತು. ಮುಂದೆ ಬರೆದದ್ದನ್ನೆಲ್ಲ ಹಿಂದಿನಿಂದ ನುಂಗಲು ಇಟ್ಟಿರುವ ಬಾಯಿ ಅದು.

1979ರಲ್ಲಿ ಆ ಊರಿನ ಪ್ರಾಥಮಿಕ ಶಾಲೆಯ ಕೆಳಗೆ ಡೀಸೆಲ್ ಸೋರಿ ಮಣ್ಣಿಗೆ ಇಳಿಯಿತು. ಮಕ್ಕಳಿಗೆ ತಲೆನೋವು, ವಾಕರಿಕೆ. ಆದರೂ ಶಾಲೆ ಅಲ್ಲೇ ನಡೆಯಿತು. 2000ದಲ್ಲಿ ಊರಿನವರೇ ಮುಚ್ಚಿಸಿದರು. ತಾತ್ಕಾಲಿಕವೆಂದು ಪಕ್ಕದಲ್ಲಿ ಡಬ್ಬಿಯಂಥ ಕೊಠಡಿಗಳನ್ನು ತಂದು ಇಟ್ಟರು. ಚಳಿಗಾಲದಲ್ಲಿ ಒಂದು ತರಗತಿಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಕೋಟು, ಬೂಟು, ಟೋಪಿ ಹಾಕಿಕೊಂಡು ಹಿಮದಲ್ಲಿ ನಡೆಯಬೇಕು. ಹೊಸ ಶಾಲೆಯ ಭರವಸೆ ಒಬ್ಬ ಮಂತ್ರಿಯಿಂದ ಇನ್ನೊಬ್ಬರಿಗೆ ಹಸ್ತಾಂತರವಾಗುತ್ತಾ ಹೋಯಿತು. 2008ರಲ್ಲಿ ಎಂಟನೇ ತರಗತಿಯ ಮಕ್ಕಳು ನಯಾಗರಾ ಜಲಪಾತಕ್ಕೆ ಹೋಗಲೆಂದು ಕೂಡಿಟ್ಟ ಪ್ರವಾಸದ ಹಣದಲ್ಲಿ ರಾಜಧಾನಿ ಒಟ್ಟಾವಾಕ್ಕೆ ಹೋದರು. ಮಂತ್ರಿಯನ್ನು ಕಂಡು ಶಾಲೆ ಕೇಳಿದರು. ಹಣವಿಲ್ಲ ಎಂಬ ಉತ್ತರ ಬಂತು. ಅಂದು ಸಂಸತ್ತಿನ ಮುಂದೆ ನಿಂತು ಮಾತನಾಡಿದ ಹುಡುಗಿ ಶಾನನ್ ಕೂಸ್ಟಾಚಿನ್.

ಮುಂದಿನ ಓದಿಗೆ ಅವಳು ಸುಮಾರು 600 ಕಿಲೋಮೀಟರ್ ದಕ್ಷಿಣದ ಪಟ್ಟಣಕ್ಕೆ ಹೋಗಬೇಕಾಯಿತು. 2010ರಲ್ಲಿ, ಹದಿನೈದನೇ ವಯಸ್ಸಿನಲ್ಲಿ, ರಸ್ತೆ ಅಪಘಾತದಲ್ಲಿ ತೀರಿಕೊಂಡಳು. 2012ರಲ್ಲಿ ಕೆನಡಾದ ಸಂಸತ್ತು ಅವಳ ಹೆಸರಿನ ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಿತು. 2014ರಲ್ಲಿ ಶಾಲೆ ತೆರೆಯಿತು. ಡೀಸೆಲ್ ಸೋರಿದ್ದರಿಂದ ಲೆಕ್ಕ ಹಾಕಿದರೆ ಮೂವತ್ತೈದು ವರ್ಷ.

ಹಣವಿಲ್ಲ ಎಂಬ ಉತ್ತರದ ಹಿಂದೆಯೂ ಒಂದು ತಃಖ್ತೆ ಇದೆ. ಕೆನಡಾದಲ್ಲಿ ಉಳಿದ ಮಕ್ಕಳ ಶಾಲೆಗಳನ್ನು ಪ್ರಾಂತ್ಯಗಳು ನಡೆಸುತ್ತವೆ, ಮೂಲನಿವಾಸಿಗಳ ಮೀಸಲು ಪ್ರದೇಶದ ಶಾಲೆಗಳಿಗೆ ಹಣ ಕೊಡುವುದು ಕೇಂದ್ರ. ಆ ಅನುದಾನದ ಏರಿಕೆ ವರ್ಷಕ್ಕೆ ಶೇಕಡಾ ಎರಡನ್ನು ಮೀರಬಾರದು ಎಂದು 1996ರಲ್ಲಿ ಮಿತಿ ಹಾಕಿದರು. ಅತಿ ವೇಗವಾಗಿ ಬೆಳೆಯುತ್ತಿದ್ದ, ಅತಿ ಚಿಕ್ಕ ವಯಸ್ಸಿನ ಜನಸಮುದಾಯ ಅದು. ಮಕ್ಕಳು ಹೆಚ್ಚಿದರು, ಬೆಲೆ ಏರಿತು, ಎರಡು ಎರಡಾಗಿಯೇ ಉಳಿಯಿತು. ಯಾರೂ ಯಾರನ್ನೂ ಬಯ್ಯಲಿಲ್ಲ, ಯಾವ ಮಗುವನ್ನೂ ಬಾಗಿಲಲ್ಲಿ ತಡೆಯಲಿಲ್ಲ. ಇಡೀ ದೇಶದ ತಾರತಮ್ಯ ಒಂದು ಶೇಕಡಾವಾರು ಚಿಹ್ನೆಯೊಳಗೆ ಹಿಡಿಸಿತು.

ಊರಿನಲ್ಲಿ ಹೈಸ್ಕೂಲು ಇಲ್ಲದ ಮಕ್ಕಳು ಏನು ಮಾಡಬೇಕು? ಹದಿಮೂರು-ಹದಿನಾಲ್ಕಕ್ಕೆ ವಿಮಾನ ಹತ್ತಿ ನಗರಕ್ಕೆ ಹೋಗಿ, ಗುರುತಿಲ್ಲದವರ ಮನೆಯಲ್ಲಿ ಇದ್ದು ಓದಬೇಕು. ಹಾಗೆ ಥಂಡರ್ ಬೇ ನಗರಕ್ಕೆ ಬಂದ ಏಳು ಮಕ್ಕಳು ಮತ್ತು ತರುಣರು 2000 ಮತ್ತು 2011ರ ನಡುವೆ ಸತ್ತರು. ಐವರ ದೇಹ ಸಿಕ್ಕಿದ್ದು ನೀರಿನಲ್ಲಿ. 2016ರಲ್ಲಿ ಮುಗಿದ ವಿಚಾರಣೆ 145 ಶಿಫಾರಸು ಮಾಡಿತು. ನೂರು ವರ್ಷದ ಹಿಂದೆ ಶಾಲೆಯ ಹೆಸರಿನಲ್ಲಿ ಮಕ್ಕಳನ್ನು ಊರಿನಿಂದ ಎಳೆದೊಯ್ದರು, ಈಗ ಶಾಲೆ ಕಟ್ಟದೆ ತಾವಾಗಿ ಹೊರಡುವಂತೆ ಮಾಡಿದರು. ಇಲ್ಲಿಯೂ ಖಾತೆಯಲ್ಲಿ ಮಗುವಿನ ಆಯ್ಕೆ ಎಂದೇ ಬೀಳುತ್ತದೆ.

ಇಷ್ಟು ಹೊತ್ತು ಪರರ ಲೆಕ್ಕ ತಪಾಸಣೆ ಮಾಡಿದೆ. ನನ್ನದೂ ಒಂದಿದೆ. ಕೆಲಸದಲ್ಲಿದ್ದಾಗ ಒಮ್ಮೆ ನೇಮಕಾತಿಯ ಅರ್ಜಿಗಳನ್ನು ಜರಡಿ ಹಿಡಿಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಇನ್ನೂರಕ್ಕೂ ಹೆಚ್ಚು ಅರ್ಜಿ, ಕೈಯಲ್ಲಿದ್ದದ್ದು ಒಂದು ಮಧ್ಯಾಹ್ನ. ಅಂಕಗಳ ಇಳಿಕೆ ಕ್ರಮದಲ್ಲಿ ಜೋಡಿಸಿ, ಇಪ್ಪತ್ತೈದನೆಯ ಹೆಸರಿನ ಕೆಳಗೆ ಸ್ಕೇಲು ಇಟ್ಟು ಗೆರೆ ಎಳೆದೆ. ಗೆರೆ ನೇರವಾಗಿತ್ತು. ನಿಷ್ಪಕ್ಷಪಾತವಾಗಿ ಮಾಡಿದೆ ಎಂದು ಮೇಲಿನವರು ಬೆನ್ನು ತಟ್ಟಿದರು, ನಾನೂ ತಟ್ಟಿಕೊಂಡೆ. ಒಂದೊಂದು ಅಂಕದ ಹಿಂದೆ ಎಷ್ಟು ಖರ್ಚಾಗಿದೆ, ಯಾರು ಮಾಡಿದ್ದು ಎಂದು ಒಂದು ಅರ್ಜಿಯ ಬಗ್ಗೆಯೂ ಕೇಳಲಿಲ್ಲ. ವೋಚರ್ ಇಲ್ಲದ ಐದು ರೂಪಾಯಿಯನ್ನು ಒಪ್ಪದ ಮನುಷ್ಯ ನಾನು.

ಅಂಕವೇ ಸುಳ್ಳು ಹೇಳುವ ಸಂದರ್ಭಗಳೂ ಇವೆ. ಜೆಕ್ ಗಣರಾಜ್ಯದ ಓಸ್ತ್ರಾವಾ ನಗರದಲ್ಲಿ ರೋಮಾ ಎಂಬ ಅಲ್ಪಸಂಖ್ಯಾತ ಜನಾಂಗದ ಮಕ್ಕಳನ್ನು ಬುದ್ಧಿಮಾಂದ್ಯರಿಗೆಂದು ಇದ್ದ ವಿಶೇಷ ಶಾಲೆಗಳಿಗೆ ಸೇರಿಸುತ್ತಿದ್ದರು. ಆಧಾರ, ಒಂದು ಬುದ್ಧಿಮತ್ತೆಯ ಪರೀಕ್ಷೆ. ಪೋಷಕರ ಸಹಿ ಕೂಡ ಇರುತ್ತಿತ್ತು, ಯಾವುದಕ್ಕೆ ಸಹಿ ಹಾಕುತ್ತಿದ್ದೇವೆ ಎಂಬ ಅರಿವು ಮಾತ್ರ ಅವರಿಗಿತ್ತೆನ್ನಲು ಆಧಾರವಿರಲಿಲ್ಲ. ಹದಿನೆಂಟು ಮಕ್ಕಳ ಪರವಾಗಿ ಮೊಕದ್ದಮೆ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋಗಿ, 2007ರ ನವೆಂಬರಿನಲ್ಲಿ ಇದು ಜನಾಂಗದ ಆಧಾರದ ತಾರತಮ್ಯ ಎಂದು ತೀರ್ಮಾನವಾಯಿತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1,800ರಷ್ಟು ಚೀನೀ ಮೂಲದ ಮಕ್ಕಳು ಒಂದಕ್ಷರ ಇಂಗ್ಲಿಷ್ ತಿಳಿಯದೆ ಇಂಗ್ಲಿಷ್ ತರಗತಿಯಲ್ಲಿ ಕೂತಿದ್ದರು. ಎಲ್ಲರಿಗೂ ಅದೇ ಪುಸ್ತಕ, ಅದೇ ಬೆಂಚು, ಅದೇ ಶಿಕ್ಷಕರು, ಇನ್ನೇನು ಬೇಕು ಎಂಬುದು ಶಾಲೆಯವರ ಪ್ರಶ್ನೆ. ಅದೇ ಬೆಂಚಿನ ಮೇಲೆ ಕೂರಿಸಿದ ಮಾತ್ರಕ್ಕೆ ಸಮಾನವಾಗುವುದಿಲ್ಲ ಎಂದು 1974ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹೇಳಿತು. ರಾಡ್ರಿಗಸ್ ಸೋತ ಮರುವರ್ಷ, ಈ ಬಾರಿ ಭಿನ್ನ ಮತವಿಲ್ಲದೆ. ಭಾಷೆಗೆ ಸಿಕ್ಕ ನ್ಯಾಯ ದುಡ್ಡಿಗೆ ಸಿಗಲಿಲ್ಲ.

ಕೆಲವರು ಕೊಡಬೇಕಾದವನ ದಾರಿ ಕಾಯಲಿಲ್ಲ. ನ್ಯೂಜಿಲೆಂಡಿನಲ್ಲಿ 1867ರ ಕಾಯಿದೆ ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರ ಮಕ್ಕಳ ಶಾಲೆಗೆ ಇಂಗ್ಲಿಷನ್ನು ತಂದು ಕೂರಿಸಿತ್ತು. ನೂರು ವರ್ಷ ಕಳೆಯುವಷ್ಟರಲ್ಲಿ ಮಾವೊರಿ ಮಾತನಾಡುವವರು ಹೆಚ್ಚಾಗಿ ಅಜ್ಜ ಅಜ್ಜಿಯರೇ ಆಗಿದ್ದರು. ಹಾಗಾದರೆ ಅಜ್ಜಿಯರೇ ಶಿಕ್ಷಕಿಯರಾಗಲಿ ಎಂದು 1982ರಲ್ಲಿ ಕೊಹಂಗಾ ರೆಯೊ, ಎಂದರೆ ಭಾಷೆಯ ಗೂಡು, ಶುರುವಾಯಿತು. ಹಾಲುಗಲ್ಲದ ಮಕ್ಕಳು, ಹಲ್ಲು ಹೋದ ಅಜ್ಜಿಯರು, ನಡುವೆ ಮಾವೊರಿ ಬಿಟ್ಟು ಬೇರೆ ಮಾತಿಲ್ಲ. ಕೆಲವೇ ವರ್ಷಗಳಲ್ಲಿ ಅಂಥ ಗೂಡುಗಳು ನೂರಾರಾದವು. ಅವುಗಳಿಂದ ಹೊರಬಂದ ಮಕ್ಕಳಿಗೆ ಮಾವೊರಿ ಶಾಲೆ ಬೇಕಾಯಿತು, ಅದೂ ಹುಟ್ಟಿತು. ಹೀಗೆ ತಮ್ಮ ಭಾಷೆಯಲ್ಲಿ ತಮ್ಮ ಶಾಲೆ ನಡೆಸುವುದು ಮೂಲನಿವಾಸಿಗಳ ಹಕ್ಕು ಎಂಬ ಘೋಷಣೆ 2007ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ ಮುಂದೆ ಬಂದಾಗ 144 ದೇಶಗಳು ಹೌದೆಂದವು. ಬೇಡವೆಂದವು ನಾಲ್ಕೇ: ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್. ಸಾಲದ ಪುಸ್ತಕ ತೆರೆಯುತ್ತಾರೆಂದರೆ ಮೊದಲು ಏಳುವವರು ಯಾರೆಂದು ನಮ್ಮ ಕಚೇರಿಯ ಜವಾನನಿಗೂ ಗೊತ್ತಿತ್ತು. ಮುಂದೆ ನಾಲ್ವರೂ ಒಪ್ಪಿದರು ಎಂಬುದನ್ನೂ ಹೇಳಬೇಕು.

ಎಡ್ಜ್‌ವುಡ್‌ನವರು ಕೇಂದ್ರದ ಸಂವಿಧಾನ ಕೈಬಿಟ್ಟಾಗ ರಾಜ್ಯದ ಸಂವಿಧಾನ ಹಿಡಿದು ಮತ್ತೆ ಕೋರ್ಟಿಗೆ ಹೋದರು. 1989ರಲ್ಲಿ ಟೆಕ್ಸಸ್‌ನ ಸುಪ್ರೀಂ ಕೋರ್ಟು ಒಕ್ಕೊರಲಿನಿಂದ ಅವರ ಪರ ತೀರ್ಪು ಕೊಟ್ಟಿತು. ಮೊದಲ ದಾವೆ ಹೂಡಿದಾಗ ಶಾಲೆಯಲ್ಲಿದ್ದ ಮಕ್ಕಳಿಗೆ ಅಷ್ಟು ಹೊತ್ತಿಗೆ ಮಕ್ಕಳಾಗುವ ವಯಸ್ಸು. ತೀರ್ಪು ಬಂದ ಮೇಲೂ ಶಾಸನಸಭೆ ಒಂದಾದ ಮೇಲೊಂದು ಯೋಜನೆ ತಂದು, ಕೋರ್ಟು ತಳ್ಳಿಹಾಕಿ, ಕೊನೆಗೆ 1993ರಲ್ಲಿ ಒಂದು ಉಳಿಯಿತು. ಆಸ್ತಿ ಹೆಚ್ಚಿರುವ ಶಾಲಾ ಜಿಲ್ಲೆಗಳ ತೆರಿಗೆಯ ಒಂದು ಭಾಗವನ್ನು ರಾಜ್ಯ ತೆಗೆದುಕೊಂಡು ಇಲ್ಲದವುಗಳಿಗೆ ಹಂಚುವ ಯೋಜನೆ. ಅದಕ್ಕೊಂದು ಉದ್ದನೆಯ ಸರ್ಕಾರಿ ಹೆಸರಿದೆ, ಯಾರೂ ಬಳಸುವುದಿಲ್ಲ. ಪತ್ರಿಕೆಗಳಲ್ಲಿ, ಜನರ ಬಾಯಲ್ಲಿ ಅದು ರಾಬಿನ್ ಹುಡ್ ಯೋಜನೆ. ಒಂದು ದರೋಡೆಕೋರನ ಹೆಸರು. ಮೂವತ್ತು ವರ್ಷದ ಸೇವೆಯಲ್ಲಿ ಎಂತೆಂಥ ಖಾತೆಗಳನ್ನೋ ನೋಡಿದ್ದೇನೆ, ಹಳೆಯ ಬಾಕಿ ತೀರಿಸಿದ್ದನ್ನು ಕಳವಿನ ಲೆಕ್ಕಕ್ಕೆ ಬರೆದುಕೊಂಡದ್ದನ್ನು ಇಲ್ಲೇ ಮೊದಲು ನೋಡಿದ್ದು.